ಗೆಳೆಯರ ಜೊತೆ ಊಟಿ: ಮೊದಲ ಸಲ ಹೊರಟವರಿಗೆ ಎರಡು ದಿನದ ದಾರಿ

ಬೆಂಗಳೂರು, ಮೈಸೂರಿನಿಂದ ಶನಿವಾರ ಹೊರಟು ಭಾನುವಾರ ರಾತ್ರಿ ಮನೆ ಸೇರುವ ಲೆಕ್ಕದಲ್ಲಿ ಊಟಿಗೆ ಹೋಗುವವರು ಬಹಳ. ಅವರಲ್ಲಿ ಅರ್ಧ ಜನ ಚಾರಿಂಗ್ ಕ್ರಾಸ್‌ನ ವಾಹನಗಳ ಸಾಲಿನಲ್ಲಿ ಕೂತು, ಬೇಸತ್ತು, ‘ಊಟಿ ಕೆಟ್ಟುಹೋಯಿತು’ ಎಂದು ಬೈದುಕೊಂಡು ಬರುತ್ತಾರೆ. ಊಟಿ ಕೆಟ್ಟಿಲ್ಲ. ಎರಡು ದಿನಕ್ಕೆ ಹತ್ತು ಜಾಗ ತುರುಕಿದರೆ ಯಾವ ಊರೂ ಹಾಗೇ ಕಾಣುತ್ತದೆ. ದಿನಕ್ಕೆ ಎರಡೇ ಜಾಗ ಇಟ್ಟುಕೊಂಡು, ಊರೊಳಗೆ ಕಾರು ಮುಟ್ಟದೆ ಇದ್ದು ನೋಡಿ.

1. ತಿಂಗಳು, ಗುಂಪು, ಹಣ

ಏಪ್ರಿಲ್, ಮೇ ಬೇಡ. ಮೇ ತಿಂಗಳ ಫಲಪುಷ್ಪ ಪ್ರದರ್ಶನ ಸೊಗಸಾಗಿರುತ್ತದೆ, ಆದರೆ ಮೊದಲ ಸಲದವರಿಗೆ ಆ ನೂಕುನುಗ್ಗಲು ಹೆಚ್ಚಾಗುತ್ತದೆ. ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆಗಳನ್ನೂ ಬಿಡಿ. ಜನವರಿ ಕೊನೆಯಿಂದ ಫೆಬ್ರುವರಿವರೆಗೆ ಚಳಿ ಜೋರು, ಆಕಾಶ ಸ್ವಚ್ಛ. ನನ್ನ ಆಯ್ಕೆ ಅದೇ. ಮಳೆಗೆ ಅಂಜದವರು ಜುಲೈ, ಆಗಸ್ಟ್‌ನಲ್ಲಿ ಹೋದರೆ ಗುಂಡ್ಲುಪೇಟೆಯ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ದಾರಿಯಲ್ಲೇ ಸಿಗುತ್ತವೆ.

ಒಂದೇ ಕಾರಿಗೆ ಹಿಡಿಸುವಷ್ಟು ಜನ ಸಾಕು. ಹೊರಡುವ ಮೊದಲೇ ಎಲ್ಲರಿಂದ ಸಮನಾಗಿ ಹಣ ಪಡೆದು ಒಬ್ಬರ ಕೈಗೆ ಕೊಡಿ. ಘಾಟಿಯಲ್ಲಿ ಗಾಡಿ ಓಡಿಸುವವರು ಯಾರೆಂದೂ ಆಗಲೇ ತೀರ್ಮಾನಿಸಿ. ಅವರು ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಬೇಕು.

2. ಈ-ಪಾಸ್

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಊಟಿ ಇರುವ ನೀಲಗಿರಿ ಜಿಲ್ಲೆಯಲ್ಲಿ ಈ-ಪಾಸ್ ಜಾರಿಗೆ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂಬ ಮಿತಿಯನ್ನೂ ಹಾಕಿದರು. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ವಾಹನದ ಸಂಖ್ಯೆ, ಜನರ ಸಂಖ್ಯೆ, ದಿನಾಂಕ, ತಂಗುವ ಜಾಗ ತುಂಬಿದರೆ ಪಾಸ್ ಬರುತ್ತದೆ. ಶುಲ್ಕವಿಲ್ಲ. ಕಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ಮೊಬೈಲ್‌ನಲ್ಲಿ ಉಳಿಸಿಕೊಂಡಿರಿ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಈ ತಾಪತ್ರಯವೇ ಇಲ್ಲ. ಗಾಡಿ ಓಡಿಸುವ ಅಭ್ಯಾಸ ಕಡಿಮೆ ಇರುವ ಗುಂಪಿಗೆ ಬೆಂಗಳೂರು, ಮೈಸೂರಿನಿಂದ ಹೊರಡುವ ಕೆಎಸ್‌ಆರ್‌ಟಿಸಿ ಬಸ್ಸೇ ಒಳ್ಳೆಯದು.

3. ಕೋಣೆ

ಸಸ್ಯೋದ್ಯಾನಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹುಡುಕಿ. ಬಿಸಿನೀರು ಯಾವ ಹೊತ್ತಿಗೆ, ಗಾಡಿ ನಿಲ್ಲಿಸಲು ಸ್ವಂತ ಜಾಗ ಇದೆಯೇ, ಹೊದಿಕೆ ಎಷ್ಟು ಕೊಡುತ್ತಾರೆ ಎಂದು ಫೋನ್ ಮಾಡಿ ಕೇಳಿ. 2,200 ಮೀಟರಿಗೂ ಎತ್ತರದ ಊರಿದು. ಫೋಟೊದಲ್ಲಿ ಕಾಣುವ ಬಾಲ್ಕನಿಗಿಂತ ರಾತ್ರಿ ಎರಡನೆಯ ಕಂಬಳಿ ಮುಖ್ಯ.

4. ಹೊರಡುವ ಹೊತ್ತು, ಕಾಡಿನ ದಾರಿ

ಬೆಂಗಳೂರಿನಿಂದ ಸುಮಾರು 270 ಕಿ.ಮೀ. ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಟು ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿದರೆ ಮಧ್ಯಾಹ್ನದೊಳಗೆ ಮೇಲಿರುತ್ತೀರಿ. ಬೈಕಿನವರಿಗೆ ಒಂದು ಮಾತು: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಗುಂಡ್ಲುಪೇಟೆ ದಾಟಿದರೆ ಬಂಡೀಪುರ, ಆಮೇಲೆ ಮುದುಮಲೈ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಗೇಟು ಮುಚ್ಚಿರುತ್ತದೆ. ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳಿಗಾಗಿ 2009ರಲ್ಲಿ ಬಂದ ಈ ನಿಯಮವನ್ನು ಮನಸ್ಸಿಟ್ಟು ಪಾಲಿಸಬೇಕು. ಹಗಲಲ್ಲೂ ಈ ರಸ್ತೆ ಆನೆ, ಜಿಂಕೆಗಳು ದಾಟುವ ಜಾಗ. ನಿಲ್ಲಿಸಬೇಡಿ, ಇಳಿಯಬೇಡಿ, ಹಾರ್ನ್ ಬೇಡ, ಹಾಡಿನ ಸದ್ದು ಬೇಡ. ಕೋತಿಗೆ ಬಿಸ್ಕತ್ತು ಎಸೆಯಲೇಬೇಡಿ. ಹಾಗೆ ಎಸೆದ ತಿಂಡಿಯ ಆಸೆಗೆ ಅವು ರಸ್ತೆಗೆ ಬಂದು ಚಕ್ರಕ್ಕೆ ಸಿಗುತ್ತವೆ. ಆನೆ ಕಂಡರೆ ದೂರದಲ್ಲೇ ನಿಂತು, ಅದು ದಾಟಿ ಹೋದ ಮೇಲೆ ಮುಂದುವರಿಯಿರಿ.

ಗಡಿಯ ಕೆಕ್ಕನಹಳ್ಳದಲ್ಲಿ ತಪಾಸಣೆ ನಡೆಯುತ್ತದೆ. ನೀಲಗಿರಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ, ಸಣ್ಣ ನೀರಿನ ಬಾಟಲಿಗೂ ಸೇರಿ, ನಿಷೇಧವಿದೆ. ಸ್ಟೀಲ್ ಬಾಟಲಿ ತನ್ನಿ.

5. ಘಾಟಿ

ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಮಸಿನಗುಡಿ–ಕಲ್ಹಟ್ಟಿ ರಸ್ತೆ ಹತ್ತಿರದ್ದು, ಆದರೆ 36 ಕಡಿದಾದ ತಿರುವುಗಳು. ಗೂಡಲೂರು ರಸ್ತೆ ಸುತ್ತು, ಏರು ಮಾತ್ರ ಹದವಾಗಿದೆ. ಮೊದಲ ಸಲ ಘಾಟಿ ಏರುವವರು ಗೂಡಲೂರನ್ನೇ ಹಿಡಿಯಿರಿ. ಇಳಿಯುವಾಗಲಂತೂ ಆಯ್ಕೆಯೇ ಇಲ್ಲ. ಬ್ರೇಕ್ ಸೋತು ಅಪಘಾತಗಳಾದ ಮೇಲೆ ಹೊರಗಿನ ವಾಹನಗಳನ್ನು ಕಲ್ಹಟ್ಟಿಯಲ್ಲಿ ಕೆಳಗೆ ಬಿಡುವುದಿಲ್ಲ.

ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ತಿರುವು ಬರುವ ಮೊದಲೇ ಗೇರು ಇಳಿಸಿ, ತಿರುವಿನ ನಡುವೆ ಬೇಡ. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯಲಿ, ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಇರಬೇಡಿ. ಬ್ರೇಕ್ ಕಾದು ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ. ಹಿಂದಿನವರ ಹಾರ್ನಿಗೆ ಗಾಬರಿಯಾಗದೆ ಪಕ್ಕಕ್ಕೆ ಸರಿದು ದಾರಿ ಬಿಡಿ.

6. ಶನಿವಾರ

ಕಾರನ್ನು ಹೋಟೆಲಿನಲ್ಲಿ ನಿಲ್ಲಿಸಿ, ನಾಳೆಯವರೆಗೆ ಮರೆತುಬಿಡಿ. ಮಧ್ಯಾಹ್ನ 1848ರಲ್ಲಿ ಶುರುವಾದ ಸಸ್ಯೋದ್ಯಾನಕ್ಕೆ ನಡೆದು ಹೋಗಿ. ಬಾಗಿಲ ಬಳಿಯ ಹುಲ್ಲುಹಾಸಿನಲ್ಲಿ ಜನ ಗಿಜಿಗುಡುತ್ತಾರೆ, ಮೇಲಕ್ಕೆ ಹತ್ತಿದಂತೆ ಖಾಲಿಯಾಗುತ್ತದೆ. ಹಳೆಯ ಮರಗಳಿರುವುದೂ ಅಲ್ಲೇ. ಅಲ್ಲಿಗೆ ಮನಸ್ಸಾಗದಿದ್ದರೆ ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯದೇ 38 ಎಕರೆಯ ಉದ್ಯಾನವಿದೆ, ಆಟೊದಲ್ಲಿ ಹೋಗಿಬನ್ನಿ.

ಸಂಜೆ ಮಾರುಕಟ್ಟೆ. ವರ್ಕಿ ಬಿಸ್ಕತ್ತು, ಚಹಾಪುಡಿ, ಕ್ಯಾರೆಟ್ ಕೊಳ್ಳಿ. ಸುತ್ತಲ ಹಳ್ಳಿಗಳ ಬಡಗರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಎದುರಿಗಿರುವವರು ಬಡಗರೆಂದು ತಿಳಿದರೆ ನಿಧಾನವಾಗಿ ಕನ್ನಡದಲ್ಲೇ ಮಾತಾಡಿಸಿ, ಮುಖ ಅರಳುತ್ತದೆ.

7. ಭಾನುವಾರ, ಇಳಿಯುವ ದಾರಿ

ಬೆಳಿಗ್ಗೆ ಒಂದನ್ನು ಆರಿಸಿಕೊಳ್ಳಿ: 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಇಲ್ಲವೇ ಪುಟಾಣಿ ರೈಲು. ಬೆಟ್ಟಕ್ಕಾದರೆ ಪ್ರವೇಶ ತೆರೆಯುವ ಹೊತ್ತಿಗೇ ಹೋಗಬೇಕು, ತಡವಾದರೆ ಮಂಜೂ ಜನರೂ ಒಟ್ಟಿಗೆ ಬರುತ್ತಾರೆ. ರೈಲಿಗಾದರೆ ಟಿಕೆಟ್ ವಾರಗಳ ಮೊದಲೇ ಕಾದಿರಿಸಿ. ಊಟಿಯಿಂದ ಕೂನೂರಿಗೆ ರೈಲಿನಲ್ಲಿ ಇಳಿದು ಬಸ್ಸಿನಲ್ಲಿ ವಾಪಸಾಗುವುದು ಸುಲಭ. ಈ ತುಂಡಿನಲ್ಲಿ ಡೀಸೆಲ್ ಎಂಜಿನ್ ಇರುತ್ತದೆ. ಹಲ್ಲಿನ ಹಳಿ ಇರುವುದು ಕೂನೂರಿನಿಂದ ಕೆಳಗೆ, ಮೆಟ್ಟುಪಾಳ್ಯಂ ಕಡೆ. 1908ರಲ್ಲಿ ಊಟಿ ತಲುಪಿ, 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಪೂರ್ತಿ ಪಯಣಕ್ಕೆ ಪ್ರತ್ಯೇಕ ಪ್ರವಾಸವನ್ನೇ ಇಟ್ಟುಕೊಳ್ಳಿ.

ಊಟ ಮುಗಿಸಿ ಎರಡು ಗಂಟೆಯೊಳಗೆ ಊಟಿ ಬಿಡಿ. ಪೈಕಾರ ಜಲಪಾತ ಗೂಡಲೂರಿನ ದಾರಿಯಲ್ಲೇ ಸಿಗುವುದರಿಂದ ಅದಕ್ಕೆಂದು ಬೇರೆ ಹೊತ್ತು ಬೇಡ. ಒಂದು ಗಂಟೆ ನಿಂತು ಹೊರಡಿ. ಕತ್ತಲಾಗುವ ಮೊದಲು ಕಾಡು ದಾಟುವುದು ಗುರಿ. ಏನೋ ಕಾರಣಕ್ಕೆ ಗೂಡಲೂರು ಸೇರುವಾಗಲೇ ರಾತ್ರಿ ಎಂಟಾಗಿದ್ದರೆ ಗೇಟಿಗೆಂದು ಕಾಡಿನಲ್ಲಿ ಓಡಿಸಬೇಡಿ. ಅಲ್ಲೇ ಕೋಣೆ ಹಿಡಿದು, ಮನೆಗೂ ಕಚೇರಿಗೂ ಫೋನ್ ಮಾಡಿ, ಬೆಳಿಗ್ಗೆ ಆರಕ್ಕೆ ಗೇಟು ತೆಗೆದ ಮೇಲೆ ಹೊರಡಿ.