ಮೊದಲು ತೂಕ, ಆಮೇಲೆ ಎತ್ತರ: ಕ್ಯಾಂಪಿಂಗ್ ಪಿಕಪ್‌ಗೆ ಸಸ್ಪೆನ್ಷನ್ ಆರಿಸುವ ಬಗೆ

ಸೋಮವಾರದಿಂದ ಶುಕ್ರವಾರದವರೆಗೆ ಒಬ್ಬರನ್ನೇ ಕೂರಿಸಿಕೊಂಡು ಆಫೀಸಿಗೆ ಹೋಗಿಬರುವ ಗಾಡಿ. ಶನಿವಾರ ಬೆಳಗ್ಗೆ ಟೆಂಟು, ನೀರು, ಫ್ರಿಜ್ಜು, ನಾಲ್ಕು ಜನರನ್ನು ಹೇರಿಕೊಂಡು ಘಟ್ಟದ ಕಡೆ ಹೊರಡುವುದೂ ಅದೇ ಗಾಡಿ. 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ಬೆಂಗಳೂರಿನ ಹೊಸ ತಿಪ್ಪಸಂದ್ರ, ಜೀವನ್ ಬಿಮಾ ನಗರದ ಅಡ್ಡರಸ್ತೆಗಳಲ್ಲೂ ಇಂಥ ಡಬಲ್ ಕ್ಯಾಬ್ ಪಿಕಪ್‌ಗಳು ಕಾಣಸಿಗುತ್ತವೆ. ಹೊಸದಾಗಿ ಕೊಂಡವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಎಷ್ಟು ಇಂಚು ಎತ್ತಿಸಬಹುದು?” ಅದಕ್ಕೆ ಉತ್ತರ ಕೊನೆಗೆ ತಾನಾಗಿಯೇ ಸಿಗುತ್ತದೆ. ಮೊದಲು ಕೇಳಿಕೊಳ್ಳಬೇಕಾದದ್ದು: ನನ್ನ ಗಾಡಿ ಖಾಯಂ ಆಗಿ ಎಷ್ಟು ತೂಕ ಹೊರುತ್ತದೆ?

ಸ್ಪ್ರಿಂಗ್ ಹೊರುತ್ತದೆ, ಶಾಕ್ ಅಬ್ಸಾರ್ಬರ್ ತಡೆಯುತ್ತದೆ

ಸಸ್ಪೆನ್ಷನ್ ಎಂದರೆ ಮುಖ್ಯವಾಗಿ ಎರಡು ಭಾಗ. ತೂಕ ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದಾಗ ಕುಗ್ಗಿ, ಮತ್ತೆ ಹಿಗ್ಗಿ, ಹಾಗೇ ಕುಣಿಯುತ್ತಲೇ ಇರುವುದು ಅದರ ಗುಣ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಗಾಡಿಯ ತೂಕವನ್ನು ಅದು ಹೊರುವುದಿಲ್ಲ. ಹಿಂಭಾಗ ಕುಸಿದು ಕೂತಿದೆ ಎಂದು ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ದುಡ್ಡು ಹೋಗುತ್ತದೆ, ಕುಸಿತ ಹಾಗೇ ಉಳಿಯುತ್ತದೆ.

ವಿ-ಕ್ರಾಸ್, ಹೈಲಕ್ಸ್ ಎರಡರಲ್ಲೂ ಮುಂದಿನ ಚಕ್ರಗಳಿಗೆ ಡಬಲ್ ವಿಷ್‌ಬೋನ್ ತೋಳುಗಳು ಮತ್ತು ಕಾಯಿಲ್ ಸ್ಪ್ರಿಂಗ್ ಇವೆ. ಹಿಂದೆ ಇಡೀ ಆಕ್ಸಲ್ ಒಂದೇ ತುಂಡು, ಅದರ ಮೇಲೆ ಲೀಫ್ ಸ್ಪ್ರಿಂಗ್‌ನ ಪಟ್ಟಿಗಳು. 2020ರ ಥಾರ್‌ನಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಜಿಮ್ನಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಒಂದೇ ತುಂಡಿನ ಆಕ್ಸಲ್ ಮತ್ತು ಕಾಯಿಲ್. ಒಂದು ಗಾಡಿಗೆ ಹೊಂದಿದ ಕಿಟ್ ಇನ್ನೊಂದಕ್ಕೆ ಮಾದರಿ ಆಗದಿರುವುದು ಇದೇ ಕಾರಣಕ್ಕೆ.

ನಮ್ಮ ನಾಡಲ್ಲೇ ಇರುವ ಎರಡು ಪಾಠ

ಮೆಟ್ರೊ ಮತ್ತು ರೈಲು ಬೋಗಿಗಳನ್ನು ಮಾಡುವ ಬಿಇಎಂಎಲ್ ಕಾರ್ಖಾನೆ ಇರುವುದು ಹೊಸ ತಿಪ್ಪಸಂದ್ರದಲ್ಲೇ. ಮೆಟ್ರೊ ಬೋಗಿಯನ್ನು ಗಮನಿಸಿ. ಬೆಳಗಿನ ಖಾಲಿ ರೈಲಾಗಲಿ, ಸಂಜೆ ಇಂದಿರಾನಗರ ನಿಲ್ದಾಣದಲ್ಲಿ ಕಾಲಿಡಲೂ ಜಾಗವಿಲ್ಲದ ರೈಲಾಗಲಿ, ಅದರ ನೆಲ ಪ್ಲಾಟ್‌ಫಾರಂಗೆ ಸಮನಾಗಿಯೇ ಇರಬೇಕು. ಬೋಗಿಯ ಅಡಿಯಲ್ಲಿ ಗಾಳಿಯ ಸ್ಪ್ರಿಂಗ್‌ಗಳಿವೆ. ಜನ ಹತ್ತಿದಂತೆ ಒಂದು ವಾಲ್ವ್ ಅವುಗಳಿಗೆ ಹೆಚ್ಚು ಗಾಳಿ ಬಿಡುತ್ತದೆ, ಇಳಿದಂತೆ ಹೊರಗೆ ಬಿಡುತ್ತದೆ.

ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳದು ಇನ್ನೊಂದು ತುದಿ. ಲೀಫ್ ಸ್ಪ್ರಿಂಗ್‌ನ ಹಳೆಯ ಜೀಪು ಖಾಲಿ ಇದ್ದಾಗ ಸಣ್ಣ ಕಲ್ಲಿಗೂ ಹಾರುತ್ತದೆ, ಜನ ತುಂಬಿದಾಗ ನೆಲಕ್ಕೆ ಅಂಟಿಕೊಂಡು ಹತ್ತುತ್ತದೆ. ಅದರ ಸ್ಪ್ರಿಂಗ್ ತುಂಬಿದ ಗಾಡಿಗೆಂದೇ ಇರುವಂಥದ್ದು, ಮತ್ತು ಅದು ಹೆಚ್ಚಾಗಿ ತುಂಬಿಯೇ ಓಡುತ್ತದೆ.

ನಿಮ್ಮ ಪಿಕಪ್ ಈ ಎರಡರ ನಡುವೆ ಇದೆ. ಅದರ ಉಕ್ಕಿನ ಸ್ಪ್ರಿಂಗ್ ತಾನಾಗಿ ಬದಲಾಗುವುದಿಲ್ಲ, ಆದರೆ ಹೊರೆ ವಾರದಲ್ಲಿ ಎರಡು ಸಲ ಬದಲಾಗುತ್ತದೆ. ಯಾವ ಹೊರೆಗೆ ಹೊಂದಿಸಬೇಕು ಎಂಬ ತೀರ್ಮಾನ ನಿಮ್ಮದೇ.

ತೂಗಿ ನೋಡಿ

ಒಂದು ಕಾಗದದಲ್ಲಿ ಎರಡು ಪಟ್ಟಿ ಮಾಡಿ. ಮೊದಲನೆಯದು ಗಾಡಿಯಿಂದ ಎಂದೂ ಇಳಿಯದ್ದು, ಎರಡನೆಯದು ಪ್ರವಾಸಕ್ಕೆ ಮಾತ್ರ ಏರುವುದು. ಉದಾಹರಣೆಗೆ ಇಂಥ ಒಂದು ಲೆಕ್ಕ: ರೂಫ್ ಟೆಂಟ್ 60 ಕೆಜಿ, ಅದರ ರ‍್ಯಾಕ್ 25, ಎರಡನೇ ಬ್ಯಾಟರಿ 25, ಟೂಲ್ಸ್ ಮತ್ತು ಗಾಡಿ ಎಳೆಯುವ ಹಗ್ಗ, ಶ್ಯಾಕಲ್‌ಗಳು 30. ಇವು ಖಾಯಂ: 140 ಕೆಜಿ. ನೀರು 40 ಲೀಟರ್ ಎಂದರೆ 40 ಕೆಜಿ, ತುಂಬಿದ ಫ್ರಿಜ್ 30, ಕ್ಯಾನಿನಲ್ಲಿ 20 ಲೀಟರ್ ಡೀಸೆಲ್ ಸುಮಾರು 17, ಒಲೆ, ಕುರ್ಚಿ, ಬಟ್ಟೆಬರೆ 40. ಇವು ಪ್ರವಾಸದವು: 127. ಒಟ್ಟು 267 ಕೆಜಿ. ತಲಾ 70 ಕೆಜಿಯ ನಾಲ್ಕು ಜನ ಕೂತರೆ ಇನ್ನೂ 280. ಅರ್ಧ ಟನ್ ದಾಟಿತು.

ಈಗ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಯನ್ನು ನೋಡಿ. ಹೊಸ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ. ಬ್ರೇಕು, ಆಕ್ಸಲ್, ಚಾಸಿ ಎಲ್ಲ ಹಳೆಯವೇ. ಪೂರ್ತಿ ಹೇರಿಕೊಂಡು ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಇಡೀ ಗಾಡಿಯನ್ನು ಒಮ್ಮೆ, ಹಿಂದಿನ ಚಕ್ರಗಳನ್ನು ಮಾತ್ರ ಇಟ್ಟು ಒಮ್ಮೆ ತೂಗಿಸಿ. ಖಾಲಿ ಗಾಡಿಯನ್ನೂ ಹೀಗೇ ತೂಗಿಸಿದರೆ ಹಿಂದಿನ ಆಕ್ಸಲ್ ಮೇಲೆ ಬಿದ್ದ ಹೆಚ್ಚುವರಿ ಹೊರೆ ಗೊತ್ತಾಗುತ್ತದೆ.

ತೂಕ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ವಿ-ಕ್ರಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3,095 ಮಿಮೀ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಕ್ಕೆ, ಬಾಗಿಲ ಹತ್ತಿರ 40 ಕೆಜಿ ನೀರಿಟ್ಟರೆ ಹಿಂದಿನ ಆಕ್ಸಲ್‌ಗೆ ಬೀಳುವ ಭಾರ 53 ಕೆಜಿ. ಮುಂದಿನ ಚಕ್ರಗಳು 13 ಕೆಜಿ ಹಗುರಾಗುತ್ತವೆ. ಅಂದರೆ ಸ್ಟೇರಿಂಗ್‌ಗೆ ಹಿಡಿತ ಅಷ್ಟು ಕಡಿಮೆ. ಅದೇ ಕ್ಯಾನನ್ನು ಕ್ಯಾಬಿನ್ ಗೋಡೆಗೆ ಒತ್ತಿ ಇಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸ ಆಯಿತು.

ಗಡಸು ಬೇರೆ, ಎತ್ತರ ಬೇರೆ

ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು, ನಾಲ್ಕೂ ಚಕ್ರಗಳಲ್ಲಿ ಖಾಲಿ ಅಳತೆ ಮತ್ತು ಹೊರೆಯ ಅಳತೆ ಬರೆದುಕೊಳ್ಳಿ. ಹಿಂದಿನ ಆಕ್ಸಲ್‌ಗೆ 240 ಕೆಜಿ ಸೇರಿದಾಗ ಹಿಂಭಾಗ 60 ಮಿಮೀ ಇಳಿಯಿತು ಎಂದುಕೊಳ್ಳೋಣ. ಎರಡೂ ಸ್ಪ್ರಿಂಗ್ ಸೇರಿ ಒಂದು ಮಿಲಿಮೀಟರಿಗೆ 4 ಕೆಜಿ ಹೊರುತ್ತಿವೆ ಎಂದಾಯಿತು. ಇಳಿತ 40 ಮಿಮೀಗೆ ನಿಲ್ಲಬೇಕಾದರೆ ಮಿಲಿಮೀಟರಿಗೆ 6 ಕೆಜಿ ಹೊರುವ ಸ್ಪ್ರಿಂಗ್ ಬೇಕು, ಅಂದರೆ ಒಂದೂವರೆ ಪಟ್ಟು ಗಡಸು. ಭಾನುವಾರ ಹಿತವೆನಿಸಿದ ಆ ಗಡಸು ಸೋಮವಾರ ಖಾಲಿ ಗಾಡಿಯಲ್ಲಿ ಪ್ರತಿ ಹಂಪ್‌ನಲ್ಲೂ ಬೆನ್ನಿಗೆ ತಿಳಿಯುತ್ತದೆ. ಚಕ್ರ ನೆಲ ಬಿಟ್ಟು ಹಾರಿದಾಗ ಬ್ರೇಕಿನ ಹಿಡಿತವೂ ತಪ್ಪುತ್ತದೆ.

ಇನ್ನೊಂದು ದಾರಿ ಇದೆ. ಗಡಸು ಅಷ್ಟೇ ಇದ್ದು ಪಟ್ಟಿಗಳ ಬಾಗು ಹೆಚ್ಚಿರುವ ಸ್ಪ್ರಿಂಗ್ ಹಾಕಿದರೆ, 60 ಮಿಮೀ ಇಳಿದರೂ ಗಾಡಿ ನಿಲ್ಲುವ ಎತ್ತರ ಸರಿಯಿರುತ್ತದೆ. ಅಂಗಡಿಯಲ್ಲಿ “ಎರಡು ಇಂಚಿನ ಸ್ಪ್ರಿಂಗ್” ಎಂದರೆ ಎತ್ತರ ಮಾತ್ರ ಗೊತ್ತಾಯಿತು. ಎಷ್ಟು ಕೆಜಿ ಖಾಯಂ ಹೊರೆಗೆ ಮಾಡಿದ್ದು ಎಂದು ಮರುಪ್ರಶ್ನೆ ಹಾಕಿ.

ಹೊಸಬರಿಗೆ ನನ್ನ ಸಲಹೆ: ಸ್ಪ್ರಿಂಗನ್ನು ಖಾಯಂ ಹೊರೆಗೆ ಆರಿಸಿ, ಪ್ರವಾಸದ ಹೊರೆಗೆ ಸ್ವಲ್ಪ ಇಳಿತವನ್ನು ಒಪ್ಪಿಕೊಳ್ಳಿ. ಆಮೇಲೂ ಇಳಿತ ಹೆಚ್ಚೆನಿಸಿದರೆ ಗಾಳಿ ತುಂಬುವ ಸಹಾಯಕ ಬ್ಯಾಗ್ ಹಾಕಿಸಬಹುದು. ಶನಿವಾರ ತುಂಬಿ, ಸೋಮವಾರ ಇಳಿಸಿದರಾಯಿತು. ಆದರೆ ಒಂದು ಎಚ್ಚರಿಕೆ. ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳ ಮೂಲಕ ಚಾಸಿಯ ಎರಡು ಕಡೆ ಭಾರ ಹಂಚುತ್ತದೆ, ಬ್ಯಾಗ್ ಆಕ್ಸಲ್‌ನ ನೇರ ಮೇಲೆ ಒಂದೇ ಕಡೆ ಒತ್ತುತ್ತದೆ. ಬಾಲದ ತುದಿಗೆ ಭಾರ ಹೇರಿ, ಬ್ಯಾಗಿಗೆ ಬಿಗಿಯಾಗಿ ಗಾಳಿ ತುಂಬಿ, ಕೆಟ್ಟ ರಸ್ತೆಯಲ್ಲಿ ಓಡಿಸಿದ ಡಬಲ್ ಕ್ಯಾಬ್‌ಗಳ ಚಾಸಿ ಅಲ್ಲೇ ಬಾಗಿರುವ ಸಂಗತಿ ಆಸ್ಟ್ರೇಲಿಯಾದಲ್ಲಿ ಚಿರಪರಿಚಿತ.

ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ಗೆ ಜೋಡಿ

ಗಡಸು ಸ್ಪ್ರಿಂಗ್ ಹಿಗ್ಗುವಾಗ ಹೆಚ್ಚು ಜೋರಾಗಿ ಹಿಗ್ಗುತ್ತದೆ. ಅದನ್ನು ತಡೆಯಲು ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಬೇಕು. ಹಾಗಾಗಿ ಎರಡನ್ನೂ ಒಟ್ಟಿಗೆ ಆರಿಸಿ. ಕಲ್ಲುಮಣ್ಣಿನ ಅಲೆಅಲೆ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಎಣ್ಣೆ ಕಾದು, ನೊರೆಯೆದ್ದು, ತಡೆಯುವ ಶಕ್ತಿ ಕುಗ್ಗುತ್ತದೆ. ಒಳಗೆ ನೈಟ್ರೋಜನ್ ಒತ್ತಡವಿದ್ದರೆ ನೊರೆ ಕಡಿಮೆ. ಒಂದೇ ಕೊಳವೆಯ ಮಾದರಿ ಬೇಗ ಆರುತ್ತದೆ, ಆದರೆ ಕಲ್ಲು ಬಡಿದು ನೆಗ್ಗಿದರೆ ಒಳಗಿನ ಪಿಸ್ಟನ್ ಸಿಕ್ಕಿಬೀಳುತ್ತದೆ. ಎರಡು ಕೊಳವೆಯದು ಹೊರಗಿನ ಏಟನ್ನು ಹೆಚ್ಚು ತಾಳುತ್ತದೆ. ವರ್ಷಕ್ಕೆ ನಾಲ್ಕಾರು ಪ್ರವಾಸ ಮಾಡುವವರಿಗೆ ಗ್ಯಾಸ್ ತುಂಬಿದ ಎರಡು ಕೊಳವೆಯದೇ ಸಾಕು. ಪ್ರತ್ಯೇಕ ಎಣ್ಣೆ ಡಬ್ಬಿ ಇರುವ ದುಬಾರಿ ಮಾದರಿ ಬೇಕಾಗುವುದು ಸ್ಪೀಡಾಗಿ, ದೂರ ಓಡಿಸುವವರಿಗೆ.

ಹಳೆಯವು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಕೆಟ್ಟ ರಸ್ತೆ ಮುಗಿದ ಕೂಡಲೇ ನಾಲ್ಕರ ಹತ್ತಿರವೂ ಕೈ ಹಿಡಿದು ನೋಡಿ, ಮುಟ್ಟಿದರೆ ಸುಡಬಹುದು. ಮೂರು ಬಿಸಿಯಿದ್ದು ಒಂದು ತಣ್ಣಗಿದ್ದರೆ ಆ ತಣ್ಣಗಿರುವುದು ಕೆಟ್ಟಿರುವ ಸಾಧ್ಯತೆ ಹೆಚ್ಚು.

ಎತ್ತಿದರೆ ಏನೇನು ಬದಲಾಗುತ್ತದೆ

ಗಾಡಿ ಎತ್ತಿಸಿದರೆ ಹಿಂದಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಮೇಲೇಳುವುದಿಲ್ಲ. ಅದು ಆಕ್ಸಲ್ ಜೊತೆ ಇದೆ, ಆಕ್ಸಲ್ ಚಕ್ರದ ಜೊತೆ ಇದೆ. ಅದನ್ನು ಎತ್ತುವುದು ದೊಡ್ಡ ಟಯರ್ ಮಾತ್ರ, ಅದೂ ವ್ಯಾಸ 50 ಮಿಮೀ ಹೆಚ್ಚಿದರೆ 25 ಮಿಮೀ. ಲಿಫ್ಟ್‌ನಿಂದ ಎತ್ತರವಾಗುವುದು ಚಾಸಿ, ಬಾಡಿ, ಬಂಪರ್.

ಮುಂದಿನ ಕಾಯಿಲ್ ಮೇಲೆ ಕಬ್ಬಿಣದ ಸ್ಪೇಸರ್ ಇಡುವುದು ಅಗ್ಗದ ವಿಧಾನ. ಎತ್ತರ ಬರುತ್ತದೆ, ಆದರೆ ಚಕ್ರ ಕೆಳಕ್ಕಿಳಿಯುವ ಅವಕಾಶ ಅಷ್ಟು ಕಡಿಮೆಯಾಗುತ್ತದೆ. ಸುಮಾರು 40–50 ಮಿಮೀ ದಾಟಿದರೆ ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಮುಟ್ಟಿಸುವ ಸಿವಿ ಜಾಯಿಂಟ್‌ನ ಕೋನ ಹೆಚ್ಚಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ, ಮೇಲಿನ ತೋಳನ್ನು ಬದಲಿಸದೆ ಅಲೈನ್‌ಮೆಂಟ್ ಕೂರುವುದು ಕಷ್ಟ. ಬ್ರೇಕ್ ಹೋಸ್ ಉದ್ದ, ಹೆಡ್‌ಲೈಟ್ ಬೀಳುವ ಜಾಗ ಎರಡನ್ನೂ ನೋಡಬೇಕು. ಮೇಲೆ ಟೆಂಟೂ ಇದ್ದರೆ ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ಗಾಡಿ ಹೆಚ್ಚು ವಾಲುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸವೆದ ಭಾಗಕ್ಕೆ ಅದೇ ಬಗೆಯ ಹೊಸದನ್ನು ಹಾಕಿಸುವುದು ಬೇರೆ, ಎತ್ತರ ಬದಲಿಸುವ ಕಿಟ್ ಬೇರೆ. ದುಡ್ಡು ಕೊಡುವ ಮೊದಲೇ ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒದಲ್ಲಿ ಕೇಳಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಹೇಗಿದ್ದರೂ ಅಪರಾಧ.

ಯಾವುದು ಮೊದಲು

ಮೊದಲು ಟಯರ್ ಗಾಳಿ: ಕಲ್ಲುದಾರಿಯಲ್ಲಿ 33 ಪಿಎಸ್‌ಐನಿಂದ 22ರ ಆಸುಪಾಸಿಗೆ ಇಳಿಸಿ ನಿಧಾನವಾಗಿ ಓಡಿಸಿ ನೋಡಿ. ಡಾಂಬರು ಸಿಕ್ಕ ಕೂಡಲೇ ತುಂಬಿಸಲು ಸಣ್ಣ ಕಂಪ್ರೆಸರ್ ಜೊತೆಗಿರಲಿ. ಎರಡನೆಯದು ಸಾಮಾನನ್ನು ಮುಂದಕ್ಕೆ, ಕೆಳಕ್ಕೆ ಇಡುವುದು, ಬೇಡದ್ದನ್ನು ಇಳಿಸುವುದು. ಮೂರನೆಯದು ಸವೆದ ಬುಷ್ ಮತ್ತು ಶಾಕ್ ಅಬ್ಸಾರ್ಬರ್. ಇಷ್ಟಾದ ಮೇಲೂ ತಳ ಬಡಿಯುತ್ತಿದ್ದರೆ ಸ್ಪ್ರಿಂಗ್ ಮತ್ತು ಅದಕ್ಕೊಪ್ಪುವ ಶಾಕ್ ಅಬ್ಸಾರ್ಬರ್ ಹಾಕಿಸಿ. ಅವನ್ನು ಕೊಳ್ಳಲು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ವೇಬ್ರಿಡ್ಜ್ ಚೀಟಿ ಮತ್ತು ಟೇಪ್ ಅಳತೆಗಳು ಜೇಬಿನಲ್ಲಿರಲಿ. ಯಾವ ಬ್ರ್ಯಾಂಡ್ ಎಂಬ ಮಾತು ಅವನ್ನು ತೋರಿಸಿದ ಮೇಲೆ.

ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಹೊಸ ಪಟ್ಟಿಗಳು ಓಡಿದಂತೆ ಸ್ವಲ್ಪ ಕೂರುತ್ತವೆ, ಅವನ್ನು ಆಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟ್ ಸಡಿಲವಾಗುತ್ತದೆ. 500 ಕಿಲೋಮೀಟರ್ ಆದ ಮೇಲೆ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಸಿ, ನಾಲ್ಕೂ ಚಕ್ರಗಳ ಎತ್ತರ ಇನ್ನೊಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಆ ಅಳತೆಯಿಂದಲೇ ಶುರು ಮಾಡಿ.