ಮನೆ ಮಗ್ಗಲಾಗ ಸೆರೆ ಅಂಗಡಿ

ಸಂಜೆಯಾದರ ಸಾಕು, ಬೈಗುಳ, ಹೊಡೆದಾಟ, ಒಡೆದ ಬಾಟ್ಲಿ. ಹೆಣ್ಣುಮಕ್ಕಳು ಅಡ್ಡಾಡೂದು ಹ್ಯಾಂಗ?

ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಣ್ಣುಮಕ್ಕಳು ನಮ್ಮ ಹಾಗೆಯೇ ಅಕ್ಷರ ಕಲಿಯುತ್ತಿದ್ದರು. ಪಾಠದಲ್ಲಿ ಕುಡಿತದ ಕಥೆ ಓದಿದರು. ಕೂಡಿ ಮಾತಾಡಿದರು. ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಚಳವಳಿ ಊರೂರಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರಕಾರ ಸಾರಾಯಿ ಬಂದ್ ಮಾಡಿತು. ನಮ್ಮ ರಾಜ್ಯದಾಗ 2007ರಲ್ಲಿ ಬಂದ್ ಆಯಿತು. ಆದರ ಬಾರು, ವೈನ್ ಶಾಪು ಉಳಿದವು.

ಅವಕ್ಕೂ ಕಾನೂನು ಇದೆ. 1967ರ ಅಬಕಾರಿ ನಿಯಮದಂತೆ ಶಾಲೆ, ಗುಡಿ, ಮಸೀದಿ, ದವಾಖಾನೆಯಿಂದ 100 ಮೀಟರ್ ಒಳಗೆ ಸೆರೆ ಅಂಗಡಿಗೆ ಲೈಸೆನ್ಸ್ ಕೊಡುವಂತಿಲ್ಲ. ಜನ ನಡೆಯುವ ದಾರಿ ಹಿಡಿದು ಬಾಗಿಲಿನಿಂದ ಬಾಗಿಲಿಗೆ ಅಳೆಯಬೇಕು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ಓಣಿಯಲ್ಲೂ ಲೈಸೆನ್ಸ್ ಇಲ್ಲ. ಉಳಿದ ಓಣಿಗಳಿಗೆ ಈ ರಕ್ಷಣೆ ಇಲ್ಲ. ಇದು ನಮಗಂತೂ ಸರಿ ಕಾಣುವುದಿಲ್ಲ.

ಹಾಗಂತ ಸುಮ್ಮನೆ ಕೂಡಬೇಕಾಗಿಲ್ಲ. ಜನಕ್ಕೆ ತ್ರಾಸು ಕೊಡುವ ವ್ಯಾಪಾರ ತಡೆಯುವ ಅಧಿಕಾರ ಉಪವಿಭಾಗಾಧಿಕಾರಿಗೆ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಬರೆದಿಡಿರಿ. ಓಣಿಯವರೆಲ್ಲ ಸಹಿ ಮಾಡಿರಿ. ಒಂದು ಅರ್ಜಿ ಅವರಿಗೆ, ಇನ್ನೊಂದು ಅಬಕಾರಿ ಕಚೇರಿಗೆ. ನಮ್ಮ ಪ್ರತಿಯ ಮೇಲೆ ಕಚೇರಿಯ ಸಿಕ್ಕಾ ಹಾಕಿಸಿಕೊಳ್ಳೋಣ.

ಅರ್ಜಿಯ ಮೊದಲ ಸಾಲು ಈಗಲೇ ಬರೆಯೋಣ:

‘ಯಮಕನಮರಡಿ, ತಾಲೂಕು ಹುಕ್ಕೇರಿ, ಜಿಲ್ಲೆ ಬೆಳಗಾವಿ. ಇಲ್ಲಿನ ನಿವಾಸಿಗಳಾದ ನಾವು...’