ಹಲ್ಲಿನೊಳಗಿನ ನಾಲ್ಕನೇ ಕಾಲುವೆ

ಗೂಗಲ್ ಅಂದ ಕೂಡಲೇ ನಮ್ಮ ಕ್ಲಾಸಿನವರೆಲ್ಲ ಫೋನ್ ತೆಗೀತಾರೆ. ನಾವು ಹೇಳ್ತಿರೋದು ದೇವದುರ್ಗ ತಾಲ್ಲೂಕಿನ, ಕೃಷ್ಣಾ ದಂಡೆಯ ಗೂಗಲ್. ಆ ಊರಿನ ಗೆಳೆಯನೊಬ್ಬ ಹೋದ ಸೆಮಿಸ್ಟರಿನಲ್ಲಿ ಮೇಲಿನ ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡ. ಕ್ಯಾಪೂ ಕೂತಿತು. ಎರಡು ತಿಂಗಳಾದ ಮೇಲೆ ರೊಟ್ಟಿ ಕಡಿದರೆ ಮತ್ತೆ ನೋವು. "ಕೀಳಿಸಿ ಒಗಿ, ಇನ್ನೆಷ್ಟು ರೊಕ್ಕ ಹಾಕ್ತಿ" ಅಂದರು ಮನೆಯಲ್ಲಿ. ಕೀಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಹಲ್ಲಿನಲ್ಲಿ ಎಷ್ಟು ನಾಳ ಸಿಕ್ಕವು?

ಹಲ್ಲಿನ ಒಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ಪಲ್ಪ್ ಇರುತ್ತದೆ. ಹುಳುಕು ಅಲ್ಲಿಗೆ ಮುಟ್ಟಿದರೆ ಅದನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ತೊಳೆದು ತುಂಬುವುದೇ ಈ ಚಿಕಿತ್ಸೆ. ಮೇಲಿನ ಮೊದಲ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಹಾಗಾದರೆ ಮೂರೇ ನಾಳ ಅಂತ ಲೆಕ್ಕ ಹಾಕಿದರೆ ತಪ್ಪಿತು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಎರಡನೇ ನಾಳವೂ ಇರುತ್ತದೆ. ಇದನ್ನು 'ಅಪರೂಪ' ಅನ್ನೋದು ನಮಗಂತೂ ಸರಿ ಕಾಣಲಿಲ್ಲ. ಅದು ಉಳಿದರೆ ಬ್ಯಾಕ್ಟೀರಿಯಾವೂ ಉಳಿಯುತ್ತದೆ.

ಮಾನ್ವಿ ಕಡೆಯವರಿಗೆ ಇದು ಬೇಗ ತಿಳೀತದೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಒಂದು ಕಡೆ ನಿಂತು ನೋಡಿ, ಮುಂದೆ ಎಷ್ಟು ಕವಲು ಅಂತ ಹೇಳೋಕಾಗಲ್ಲ. ಹಲ್ಲಿನಲ್ಲೂ ಒಂದು ನಾಳ ಎರಡಾಗುತ್ತದೆ, ಎರಡು ಹೋಗಿ ಒಂದಾಗುತ್ತವೆ, ಕೂಡಿದ್ದು ಮತ್ತೆ ಸೀಳುತ್ತದೆ. ವರ್ಟುಚಿ 1984ರಲ್ಲಿ ಇಂಥ 8 ಬಗೆ ಗುರುತಿಸಿದರು. ಕೆಳಗಿನ ಎರಡನೇ ದವಡೆಹಲ್ಲಿನಲ್ಲಿ ಕೆಲವೊಮ್ಮೆ ನಾಳಗಳೆಲ್ಲ ಕೂಡಿ 'ಸಿ' ಅಕ್ಷರದ ಆಕಾರದ ಸಂದು ಆಗಿರುತ್ತದೆ.

ಎಕ್ಸ್‌ರೇಯಲ್ಲಿ ಯಾಕೆ ಕಾಣಲ್ಲ? ಇಂಜಿನಿಯರಿಂಗ್ ಡ್ರಾಯಿಂಗ್ ನೆನಪಿಸಿಕೊಳ್ಳಿ. ಒಂದೇ ವ್ಯೂ, ಒಂದರ ಹಿಂದೆ ಒಂದು ನಿಂತ ಎರಡು ಗೆರೆ, ಕಾಣೋದು ಒಂದೇ. ಅದಕ್ಕೆ ಟ್ಯೂಬನ್ನು ಸುಮಾರು 20 ಡಿಗ್ರಿ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೀತಾರೆ. ದೇವದುರ್ಗದಿಂದ ರಾಯಚೂರಿಗೆ ಬರುವ ಬಸ್ಸಿನಲ್ಲಿ ಕೂತಾಗ ಹತ್ತಿರದ ಜಾಲಿಗಿಡ ಹಿಂದೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದಲ್ಲ, ಅದೇ ಲೆಕ್ಕ. ಕೆನ್ನೆ ಕಡೆಯ ನಾಳ ಟ್ಯೂಬ್ ಸರಿದ ದಿಕ್ಕಿಗೆ ಎದುರಾಗಿ ಸರಿಯುತ್ತದೆ, ಅಂಗುಳ ಕಡೆಯದು ಟ್ಯೂಬಿನ ಜೊತೆ. ಎರಡೂ ಬೇರೆಯಾಗಿ ಕಾಣುತ್ತವೆ. ಆದರೂ ಅನುಮಾನ ಉಳಿದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಇದೆ.

ಹಲ್ಲು ತೆರೆದ ಮೇಲೂ ಸುಳಿವು ಸಿಗುತ್ತದೆ. 2004ರಲ್ಲಿ ಕ್ರಾಸ್ನರ್, ರ‍್ಯಾಂಕೋ 500 ಹಲ್ಲು ಕೊಯ್ದು ನೋಡಿ ಹೇಳಿದ್ದು: ಒಳಕೋಣೆಯ ನೆಲ ಗೋಡೆಗಿಂತ ಕಪ್ಪು, ನಾಳದ ಬಾಯಿ ನೆಲ-ಗೋಡೆ ಕೂಡುವಲ್ಲೇ ಇರುತ್ತದೆ. ನಾಲ್ಕನೆಯದರ ಬಾಯಿ ಮಾತ್ರ ಹೆಚ್ಚಾಗಿ ಡೆಂಟಿನ್‌ನ ಸಣ್ಣ ಅಂಚಿನಡಿ ಅಡಗಿರುತ್ತದೆ. ಲೂಪ್ಸ್ ಅಥವಾ ಮೈಕ್ರೋಸ್ಕೋಪ್ ಬೇಕಾಗೋದು ಅಲ್ಲೇ.

ನೋವಿಗೆ ಕಾರಣ ಬಿಟ್ಟುಹೋದ ನಾಳವೇ ಆಗಬೇಕಿಲ್ಲ, ಬೇರು ಸೀಳಿರಲೂಬಹುದು. ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ರಾಯಚೂರಿನಲ್ಲೇ ಎಎಂಇ, ನವೋದಯ ಅಂತ ಎರಡು ಡೆಂಟಲ್ ಕಾಲೇಜುಗಳಿವೆ. ನಮ್ಮ ಗೆಳೆಯ ಕೀಳಿಸೋದನ್ನು ಸದ್ಯ ಮುಂದಕ್ಕೆ ಹಾಕಿದ್ದಾನೆ. ಮುಂದಿನ ಮಂಗಳವಾರ ಹಳೇ ಎಕ್ಸ್‌ರೇ ಹಿಡಿದುಕೊಂಡು ಮತ್ತೆ ತೋರಿಸಲು ಹೊರಟಿದ್ದಾನೆ, ಇಂಟರ್ನಲ್ಸ್ ಮುಗಿದ ಕೂಡಲೇ.